ಬದಲಿ ಕೇಬಲ್ ಇದ್ದರಷ್ಟೇ ಸಾಲದು

ಮಾನ್ಯರೇ,

ಸಂಪಾಜೆ ಘಾಟಿಯಲ್ಲಿ ಗುಡ್ಡ ಜರಿದು, ಬೆಳಕಿನಲ್ಲಿ ಸಂಕೇತ ಒಯ್ಯುವ ಫೈಬರ್ ಕೇಬಲ್ ತುಂಡಾದಾಗ, ‘ಕುಶಾಲನಗರದ ಕಡೆಯ ಕೇಬಲಿನಲ್ಲಿ ಸಂಪರ್ಕ ಕೊಡಬಾರದೇ?’ ಎಂದು ಜನ ಕೇಳುವುದು ಸಹಜ. ಕೇಬಲ್ ಇದ್ದರೂ ದಾರಿ ಸಿಗದಿರಬಹುದು. ಕೂದಲಿನಷ್ಟು ಸಣ್ಣ ಒಂದೇ ಎಳೆಯಲ್ಲಿ ಬೆಳಕಿನ ಹತ್ತಾರು ತರಂಗಾಂತರಗಳು (ಬೇರೆ ಬೇರೆ ಬಣ್ಣಗಳಿದ್ದಂತೆ) ಸುಮಾರು 0.8 ನ್ಯಾನೊಮೀಟರ್ ಅಂತರದಲ್ಲಿ ಸಾಗುತ್ತವೆ. 1550.12 ನ್ಯಾನೊಮೀಟರಿನಲ್ಲಿ ಹೊರಟ ಸಿಗ್ನಲ್‌ಗೆ ಬದಲಿ ಮಾರ್ಗದಲ್ಲಿ ಅದೇ ಜಾಗ ಭರ್ತಿಯಾಗಿದ್ದರೆ ಅಲ್ಲಿಗೇ ತಡೆ.

ಆಗ ಬೇಕಾದದ್ದು ಟ್ರಾನ್ಸ್‌ಪಾಂಡರ್. ಅದು ಬಂದ ಬೆಳಕನ್ನು ವಿದ್ಯುತ್ ಸಂಕೇತವಾಗಿಸಿ, ಸರಿಪಡಿಸಿ, ಖಾಲಿಯಿರುವ 1549.32ಕ್ಕೆ ಹೊಂದಿಸಿದ ಲೇಸರಿನಿಂದ ಮತ್ತೆ ಕಳಿಸುತ್ತದೆ. ಲೇಸರನ್ನಷ್ಟೇ ಬದಲಿಸಿ ಪ್ಯಾಚ್ ಕಾರ್ಡನ್ನು (ಉಪಕರಣಗಳನ್ನು ಜೋಡಿಸುವ ತುಂಡು ಫೈಬರನ್ನು) ಮಕ್ಸ್‌ನ, ಅಂದರೆ ತರಂಗಾಂತರಗಳನ್ನು ಒಂದೇ ಎಳೆಗೆ ಸೇರಿಸುವ ಪೆಟ್ಟಿಗೆಯ, ಹಳೆಯ ಪೋರ್ಟಿನಲ್ಲೇ ಬಿಟ್ಟರೆ ಫಿಲ್ಟರ್ ಆ ಬೆಳಕನ್ನು ತಡೆಯುತ್ತದೆ. ಗಡಿಬಿಡಿಯಲ್ಲಿ ಆಗುವ ತಪ್ಪೇ ಇದು. ಆಚೆ ತುದಿಯ ಪೋರ್ಟೂ ಬದಲಾಗಬೇಕು.

ಈ ಬದಲಿ ದಾರಿಯಲ್ಲಿ ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಕಿಲೋಮೀಟರಿಗೆ 0.2 ಡೆಸಿಬೆಲ್ ಹಿಡಿದರೂ ಬೆಳಕಿನ ನಷ್ಟ 24 ಡೆಸಿಬೆಲ್, ಎಳೆಗಳ ಬೆಸುಗೆಗಳದ್ದು ಬೇರೆ. ಬೆಳಕನ್ನು ಬಲಪಡಿಸುವ ಆಂಪ್ಲಿಫೈಯರ್ ಸಾಮಾನ್ಯವಾಗಿ ಬೇಕಾಗುತ್ತದೆ. ನಮ್ಮ ಮಳೆಗಾಲದಲ್ಲಿ ಕನೆಕ್ಟರಿನ ತುದಿಗೆ ತೇವ, ದೂಳು ಕೂರುವುದೂ ಇದೆ. ಒರೆಸಿ, ಮೈಕ್ರೋಸ್ಕೋಪಿನಲ್ಲಿ ನೋಡಿಯೇ ಜೋಡಿಸಬೇಕು.

ಮಡಿಕೇರಿ, ಕುಶಾಲನಗರಗಳಲ್ಲಿ ತರಂಗಾಂತರ ಹೊಂದಿಸಬಲ್ಲ ಹೆಚ್ಚುವರಿ ಟ್ರಾನ್ಸ್‌ಪಾಂಡರ್‌ಗಳನ್ನು ಸೇವಾ ಸಂಸ್ಥೆಗಳು ಮೇ ತಿಂಗಳೊಳಗೆ ಇರಿಸಿ, ಒಮ್ಮೆ ಮಾರ್ಗ ಬದಲಿಸಿ ಪರೀಕ್ಷಿಸಲಿ.

– ಫೈಬರ್ ತಂತ್ರಜ್ಞರು, ಮಡಿಕೇರಿ