ಕಾನ್ವರ್ಸೇಷನ್ ಕ್ಲಾಸಿಗೆ ಸೇರಿದ ಪುಟ್ಟುವಿಗೆ

ಚಿ. ಪುಟ್ಟುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕಾಗದ ತಲುಪಿತು. ಆಫೀಸಿನಲ್ಲಿ ಇಂಗ್ಲಿಷ್ ಮಾತಾಡಲು ನಾಲಿಗೆ ಹೊರಳುವುದಿಲ್ಲ, ಕಾನ್ವರ್ಸೇಷನ್ ಕ್ಲಾಸಿಗೆ ಸೇರಿದ್ದೇನೆ, ದಿನಾ ಹತ್ತು ವಾಕ್ಯ ಬಾಯಿಪಾಠ ಮಾಡುತ್ತೇನೆ ಅಂತ ಬರೆದಿದ್ದೀಯ. ಮಾಡು, ಬೇಡ ಅನ್ನುವುದಿಲ್ಲ. ಆದರೆ ಆ 'ಕಾನ್ವರ್ಸೇಷನ್' ಅನ್ನುವ ಪದದ ಕತೆ ಸ್ವಲ್ಪ ಕೇಳು.

ಪಿಯುಸಿ ಓದುವಾಗ ನನ್ನ ಕೈಗೆ ಹಳೇ ಇಂಗ್ಲಿಷ್ ಬೈಬಲ್ ಒಂದು ಸಿಕ್ಕಿತ್ತು. 1611ರ ಅನುವಾದ ಅದು. ಅದರಲ್ಲಿ 'ಇಬ್ರಿಯರಿಗೆ ಬರೆದ ಪತ್ರಿಕೆ' ಅನ್ನುವ ಭಾಗದಲ್ಲಿ, ನಿಮ್ಮ 'ಕಾನ್ವರ್ಸೇಷನ್'ನಲ್ಲಿ ದುರಾಸೆ ಬೇಡ ಅಂತಿದೆ. ದುಡ್ಡಿನ ಮಾತೇ ಎತ್ತಬಾರದು ಅಂತ ಅರ್ಥ ಮಾಡಿಕೊಂಡೆ. ತರಗತಿಯಲ್ಲಿ ಎದ್ದು ನಿಂತು ಹಾಗೇ ವಿವರಿಸಿಯೂ ಬಿಟ್ಟೆ. ಮೇಷ್ಟ್ರು ನಕ್ಕರು. "ಮಾತಲ್ಲಯ್ಯ, ಬಾಳುವ ರೀತಿ" ಅಂದರು. ನನ್ನ ಕಿವಿಯೆಲ್ಲ ಕೆಂಪು.

ಲ್ಯಾಟಿನ್ನಿನ 'ಕಾನ್ವರ್ಸಾರಿ' ಅಂದರೆ ಒಬ್ಬರ ಜೊತೆ ಇರುವುದು, ಓಡಾಡುವುದು. ನಮ್ಮ ಒಡನಾಟವೇ, ಅಲ್ವಾ? ಫ್ರೆಂಚ್ ದಾಟಿ 14ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗಲೂ ಅದು ಬಾಳುವೆ, ನಡತೆ. ಮಾತುಕತೆ ಅನ್ನುವ ಅರ್ಥ ಅಂಟಿಕೊಂಡಿದ್ದು 16ನೇ ಶತಮಾನದ ಕೊನೆಗೆ. ಇಂಗ್ಲೆಂಡಿನ ಕೋರ್ಟುಗಳಲ್ಲಂತೂ 1857ರವರೆಗೆ 'ಕ್ರಿಮಿನಲ್ ಕಾನ್ವರ್ಸೇಷನ್' ಅಂತ ದಾವೆ ಹೂಡುತ್ತಿದ್ದರು. ಬೈದಿದ್ದಕ್ಕಲ್ಲ, ತನ್ನ ಹೆಂಡತಿಯ ಜೊತೆ ಸಂಬಂಧ ಇಟ್ಟುಕೊಂಡವನ ಮೇಲೆ ಗಂಡ ಹೂಡುತ್ತಿದ್ದ ದಾವೆ! (ಈ ಸಾಲು ನಿಮ್ಮಮ್ಮನಿಗೆ ಓದಿ ಹೇಳಬೇಡ.)

ಪದದ ಬೇರು 'ತಿರುಗು' ಅನ್ನುವುದು. ಪದ್ಯಕ್ಕೆ ಹೇಳುವ 'ವರ್ಸ್' ಕೂಡ ಅದೇ ಬೇರಿನದು. ಉಳುವವನು ಬದುವಿನ ತನಕ ಹೋಗಿ, ನೇಗಿಲು ತಿರುಗಿಸಿ, ಮತ್ತೆ ಹಿಡಿಯುವ ಸಾಲಿಗೆ ಲ್ಯಾಟಿನ್ನಿನಲ್ಲಿ 'ವರ್ಸುಸ್' ಅಂತಿದ್ದರು. ನೇಗಿಲ ಸಾಲು, ಪದ್ಯದ ಸಾಲು. ಕನ್ನಡದಲ್ಲೂ ಎರಡಕ್ಕೂ ಒಂದೇ ಪದ ನೋಡು. ಇದು ಸುಮ್ನೆ ಹೇಳಿದೆ, ನನಗೆ ಇಷ್ಟ ಅಂತ.

ಮಧ್ಯಾಹ್ನ ಡಬ್ಬಿ ಹಿಡಿದು ಒಬ್ಬನೇ ಮೂಲೆಯಲ್ಲಿ ಕೂರುತ್ತೀಯಂತೆ, ಫೋನ್ ನೋಡುತ್ತಾ. ನಾಳೆಯಿಂದ ಪಕ್ಕದ ಸೀಟಿನ ಆ ಕೇರಳದ ಹುಡುಗನ ಜೊತೆ ಕೂತು ಊಟ ಮಾಡು. ನಿನ್ನ ಚಿತ್ರಾನ್ನ ಕೊಡು, ಅವನ ಉಪ್ಪಿನಕಾಯಿ ಇಸ್ಕೋ. "ಖಾರ ಜಾಸ್ತಿಯಾಯ್ತಾ?" ಅಂತ ಕೇಳಲು ಯಾವ ಬಾಯಿಪಾಠ ಬೇಕು? ನಿನ್ನ ಇಂಗ್ಲಿಷ್ ತಪ್ಪಾದರೆ ಆಗಲಿ, ಅವನದೂ ತಪ್ಪಾಗುತ್ತದೆ.

ಕ್ಲಾಸಿಗೆ ಕಟ್ಟಿದ ಫೀಸು ಹೇಗೂ ವಾಪಸ್ ಬರುವುದಿಲ್ಲ, ಅಲ್ಲಿಗೂ ಹೋಗಿ ಬಾ. ಮುಂದಿನ ಕಾಗದದಲ್ಲಿ ಆ ಹುಡುಗ ಚಿತ್ರಾನ್ನಕ್ಕೆ ಏನಂದ ಅಂತ ಬರೆ.

ನಿನ್ನ ದೊಡ್ಡಪ್ಪ