ನಮ್ಮ ಟೀಮಿಗೆ ರಿಂಗ್ ಕಾಯೋನೊಬ್ಬ ಬೇಕು

ಸಂಪಾದಕರಿಗೆ ನಮಸ್ಕಾರ,

ಕಾರವಾರದಲ್ಲಿ ಮಳೆ ಹಿಡಿದ್ರೆ ನಮ್ಮ ಸಿಮೆಂಟ್ ಕೋರ್ಟಿಗೆ ಪಾಚಿ ಕಟ್ಟತ್ತೆ, ಆಟ ಬಂದ್, ಅದೇ ನಮ್ಗೆ ಆಫ್‌ಸೀಸನ್. ಈ ಸಲ ಅಷ್ಟರೊಳಗೆ ನಮ್ಮ ಬಾಸ್ಕೆಟ್‌ಬಾಲ್ ಹುಡುಗ್ರಿಗೆ ಒಬ್ಬ ಎತ್ತರದ ಡಿಫೆಂಡರ್ ಸಿಗ್ಲೇಬೇಕು. ಶೂಟ್ ಮಾಡೋರಿಗೇನೂ ಕಮ್ಮಿ ಇಲ್ಲ, ಆದ್ರೆ ಎದುರಿನವ್ರು ಸೀದಾ ನುಗ್ಗಿ ರಿಂಗ್ ಹತ್ರದಿಂದ್ಲೇ ಬಾಲ್ ಹಾಕ್ತಾರೆ (ಲೇಅಪ್), ತಡೆಯೋರೇ ಇಲ್ಲ, ರಿಂಗಿಗೆ ಬಡಿದು ವಾಪಸ್ ಬರೋ ಬಾಲೂ (ರೀಬೌಂಡ್) ಅವರದ್ದೇ, ನೋಡಿ ಹೊಟ್ಟೆ ಉರಿಯತ್ತೆ. ರಿಂಗ್ 3.05 ಮೀಟರ್ ಮೇಲಿರತ್ತೆ, ಉದ್ದ ಇದ್ರೆ ಅನುಕೂಲ ಖರೆ, ಆದ್ರೆ ಬರೀ ಉದ್ದ ಸಾಲಲ್ಲ, ಕಾಲು ಬೇಗ ಸರೀಬೇಕು, ಕೈ ನೆಟ್ಟಗೆ ಮೇಲಿಟ್ಟು ಫೌಲ್ ಆಗ್ದಂಗೆ ನಿಲ್ಲೋದು ಕಲೀಬೇಕು, 5 ಫೌಲ್ ಆದ್ರೆ ಹೊರಗೇ ಅಲ್ವಾ. ಅಮೆರಿಕದ ಎನ್‌ಬಿಎ ಲೀಗಲ್ಲಿ ಡಿಫೆಂಡರ್ ಯಾರನ್ನೂ ಗಾರ್ಡ್ ಮಾಡ್ದೆ ಪೇಂಟಲ್ಲಿ (ರಿಂಗ್ ಮುಂದಿನ ಗೆರೆ ಹಾಕಿದ ಜಾಗ) 3 ಸೆಕೆಂಡಿಗಿಂತ ಜಾಸ್ತಿ ನಿಲ್ಲಂಗಿಲ್ಲ, ನಾವು ಆಡೋ ಫೀಬಾ (ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ) ರೂಲಲ್ಲಿ ಆ ತೊಂದ್ರೆ ಇಲ್ಲ, ಹಂಗಾಗಿ ನಮ್ಗೆ ಇಂಥವನೊಬ್ಬನಿಂದ ಇನ್ನೂ ಲಾಭ.

ಎನ್‌ಬಿಎಯ ಎತ್ತರದ ಡಿಫೆಂಡರ್ ರೂಡಿ ಗೋಬೇರ್ 2013ರ ಡ್ರಾಫ್ಟಲ್ಲಿ (ಟೀಮ್‌ಗಳು ಹೊಸಬರನ್ನ ಸರದಿ ಪ್ರಕಾರ ಆರಿಸೋದು) 27ನೆಯವ, ಆದ್ರೂ ಮುಂದೆ 4 ಸಲ ಲೀಗಲ್ಲಿ ವರ್ಷದ ಬೆಸ್ಟ್ ಡಿಫೆಂಡರ್ ಆದ. ಅಂಕೋಲಾ, ಕುಮಟಾ, ಶಿರಸಿ ಕಡೆ ವಾಲಿಬಾಲಲ್ಲಿ ಬ್ಲಾಕ್ ಮಾಡೋ ಎತ್ತರದ ಹುಡುಗ್ರಿಗೆ ಜಿಗಿಯೋ ಟೈಮಿಂಗ್ ಮೊದ್ಲೇ ಇರತ್ತೆ, ಪಿಇ ಮಾಸ್ತರ್‌ಗಳು ದಯವಿಟ್ಟು ಅಂಥವ್ರನ್ನ ಒಂದ್ಸಲ ನಮ್ಮ ಕೋರ್ಟಿಗೆ ಕಳಿಸ್ಲಿ.

– ಒಬ್ಬ ಬಾಸ್ಕೆಟ್‌ಬಾಲ್ ಪ್ರೇಮಿ, ಕಾರವಾರ