ಸೂಜಿ ತೂತಿನಲ್ಲಿ ಹಿಡಿದ ಹೊಳೆ

ಪ್ರೀತಿಯ ಗೆಳೆಯಾ,

ಪ್ರವಾಸಕ್ಕೆ ಯಾವ ಕ್ಯಾಮೆರಾ ಒಯ್ಯಲಿ ಎಂದು ಕೇಳಿದ್ದೆಯಲ್ಲ. ನನ್ನ ಎರಡು ಫಿಲ್ಮ್ ರೋಲ್ ತೊಳೆದು ಬರಲಿ ಎಂದು ಕಾದೆ, ಉತ್ತರ ತಡವಾಯಿತು. ನಿನ್ನೆ ಕೈಗೆ ಬಂದವು. ಹೋಲ್ಗಾ ಎಂಬ ಪ್ಲಾಸ್ಟಿಕ್ ಕ್ಯಾಮೆರಾದ 12 ಚಿತ್ರಗಳಲ್ಲಿ ಐದು ಪೂರ್ತಿ ಖಾಲಿ. ಮುಚ್ಚಳ ತೆಗೆಯದೆ ಕ್ಲಿಕ್ ಮಾಡಿದ್ದೇನೆ ಮಾರಾಯ! ಅದರಲ್ಲಿ ನಾವು ನೋಡುವ ಕಿಂಡಿಯೇ ಬೇರೆ, ಲೆನ್ಸೇ ಬೇರೆ. ಮುಚ್ಚಳ ಹಾಕಿದ್ದರೂ ಬೆಟ್ಟ ಚೆನ್ನಾಗಿಯೇ ಕಾಣುತ್ತದೆ. ನೀನು ಆ ಮುಚ್ಚಳವನ್ನು ಮನೆಯಲ್ಲೇ ಬಿಟ್ಟು ಹೋಗು.

ಆದರೆ ನನ್ನ ಮನಸ್ಸು ಹೋಗಿದ್ದು ರಟ್ಟಿನ ಡಬ್ಬದ ಪಿನ್‌ಹೋಲ್, ಅಂದರೆ ಲೆನ್ಸೇ ಇಲ್ಲದ ಸೂಜಿ ತೂತಿನ ಕ್ಯಾಮೆರಾದ ಮೇಲೆ. ತೆಳು ತಗಡಿಗೆ ಸೂಜಿಯಿಂದ ತೂತು, ಒಳಗೆ ಫಿಲ್ಮ್, ಶಟರ್ ಎಂದರೆ ಒಂದು ತುಂಡು ಕಪ್ಪು ಟೇಪ್. ಅಷ್ಟೇ. ತೂತಿನಿಂದ ಫಿಲ್ಮಿಗೆ 50 ಮಿಲಿಮೀಟರ್ ದೂರವಿದ್ದರೆ ತೂತು ಸುಮಾರು 0.3 ಮಿಲಿಮೀಟರ್ ಇರಬೇಕು. ದೊಡ್ಡದಾದರೆ ಚಿತ್ರ ಮಸುಕು. ತೀರಾ ಚಿಕ್ಕದಾದರೂ ಮಸುಕೇ, ಏಕೆಂದರೆ ಬೆಳಕು ಅಂಚಿನಲ್ಲಿ ಹರಡಿಕೊಳ್ಳುತ್ತದೆ. 100 ಐಎಸ್‌ಒ (ಬೆಳಕಿಗೆ ಫಿಲ್ಮ್ ಎಷ್ಟು ಚುರುಕು ಎಂಬ ಅಳತೆ) ಫಿಲ್ಮಿಗೆ ಒಳ್ಳೆ ಬಿಸಿಲಿನಲ್ಲಿ ಒಂದೆರಡು ಸೆಕೆಂಡ್ ಸಾಕು. ಮರದ ನೆರಳಿನಲ್ಲಿ ಲೆಕ್ಕಕ್ಕಿಂತ ಜಾಸ್ತಿ ಕೊಡು. ಹೊತ್ತು ಹೆಚ್ಚಾದಷ್ಟೂ ಬೆಳಕು ಹಿಡಿಯುವುದರಲ್ಲಿ ಫಿಲ್ಮ್ ಸೋಮಾರಿಯಾಗುತ್ತದೆ.

ಹೊಳೆಯ ದಡದ ಮರದ ನೆರಳಿನಲ್ಲಿ ಡಬ್ಬವನ್ನು ಬಂಡೆಯ ಮೇಲಿಟ್ಟು, ಅಲುಗಾಡದಂತೆ ಮೇಲೊಂದು ಕಲ್ಲು ಹೇರಿ, ಟೇಪ್ ಎತ್ತಿ ಎಣಿಸತೊಡಗಿದೆ. ಇಪ್ಪತ್ತಕ್ಕೆ ಬಂದಾಗ ಮಿಂಚುಳ್ಳಿಯೊಂದು ಎದುರಿನ ಕೊಂಬೆಗೆ ಬಂದು ಕೂತಿತು. ಎರಡೇ ಸೆಕೆಂಡ್. ಹಾರಿಹೋಯಿತು. ನಾನು ಅರವತ್ತರವರೆಗೆ ಎಣಿಸಿದೆ. ಚಿತ್ರದಲ್ಲಿ ನೀರೆಲ್ಲ ಹೊಗೆಯ ಹಾಗಿದೆ, ಮೂಗಿನ ಮುಂದಿನ ಕಲ್ಲೂ ದೂರದ ಗುಡ್ಡವೂ ಒಂದೇ ಸಮ ಮೆತ್ತಗೆ ಮೂಡಿವೆ, ಗಾಳಿಗೆ ತೂಗಿದ ಜರೀಗಿಡ ಕಲಸಿಹೋಗಿದೆ. ಮಿಂಚುಳ್ಳಿಯ ಸುಳಿವೇ ಇಲ್ಲ. ಬೇರೆ ಕ್ಯಾಮೆರಾ ಇದ್ದಿದ್ದರೆ ಹಕ್ಕಿಯ ಹಿಂದೆ ಬೀಳುತ್ತಿದ್ದೆ, ಹೊಳೆಯನ್ನು ನೋಡುತ್ತಲೇ ಇರಲಿಲ್ಲ.

ಸುಮ್ನೆ ಎಣಿಸುತ್ತಾ ಕೂತಾಗ ಇನ್ನೊಂದು ಕಂಡಿತು. ಎಲೆಗಳ ಸಂದಿ ಅಂಕುಡೊಂಕು, ಆದರೆ ನೆಲದ ಮೇಲೆ ಬಿದ್ದ ಬಿಸಿಲ ಚುಕ್ಕೆಗಳೆಲ್ಲ ದುಂಡಗೆ. ಒಂದೊಂದು ಸಂದಿಯೂ ಒಂದೊಂದು ಪಿನ್‌ಹೋಲ್, ಒಂದೊಂದು ಚುಕ್ಕೆಯೂ ಸೂರ್ಯನ ಚಿತ್ರ! ಗ್ರಹಣದ ದಿನ ಅವೇ ಚುಕ್ಕೆಗಳು ಕುಡುಗೋಲಿನಂತಾಗುತ್ತವೆ. ಇಬ್ನ್ ಅಲ್-ಹೈಥಮ್ ಎಂಬ ವಿದ್ವಾಂಸ ಸುಮಾರು ಸಾವಿರ ವರ್ಷದ ಹಿಂದೆಯೇ ಗ್ರಹಣದ ಬೆಳಕನ್ನು ತೂತಿನಿಂದ ಹಾಯಿಸಿ ಇದರ ಬಗ್ಗೆ ಬರೆದಿದ್ದ.

ಹೋಲ್ಗಾ ಬೇಡ ಎಂದಲ್ಲ. 1982ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹುಟ್ಟಿದ ಆ ಪ್ಲಾಸ್ಟಿಕ್ ಡಬ್ಬಿಗೆ ಅದರದೇ ತುಂಟತನ ಇದೆ. ರೋಲ್ ತಿರುಗಿಸಲು ಮರೆತರೂ ಶಟರ್ ಒತ್ತಬಹುದು, ಆಗ ಒಂದರ ಮೇಲೊಂದು ಚಿತ್ರ ಬೀಳುತ್ತದೆ. ಹಾಗೆ ಮರೆತೇ ಒಂದು ಬಂಡೆಯ ಮೈಮೇಲೆ ಮರ ಬೆಳೆಸಿದ್ದೇನೆ. ಈ ರೋಲಿನಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಅದೇ.

ವಿಮಾನದಲ್ಲಿ ಹೋಗುವುದಾದರೆ ಫಿಲ್ಮ್ ಕೈಚೀಲದಲ್ಲೇ ಇರಲಿ, ಯಂತ್ರಕ್ಕೆ ಹಾಕದೆ ಕೈಯಲ್ಲೇ ತಪಾಸಣೆ ಮಾಡಲು ಕೇಳಿಕೋ. ಹೊಸ ಸ್ಕ್ಯಾನರ್‌ಗಳು ಫಿಲ್ಮನ್ನು ಮಂಕಾಗಿಸುತ್ತವೆ. ಸುತ್ತ ಟೇಪ್ ಸುತ್ತಿದ ಡಬ್ಬವನ್ನು ನೋಡಿ ಅವರು ಹುಬ್ಬೇರಿಸಿದರೆ ನಗಬೇಡ, ತಾಳ್ಮೆಯಿಂದ ವಿವರಿಸು.

ಎರಡನ್ನೂ ಒಯ್ಯಿ, ಆದರೆ ದಿನಕ್ಕೊಮ್ಮೆಯಾದರೂ ಡಬ್ಬವನ್ನು ಹೊರಗೆ ತೆಗೆ. ಕಪ್ಪು ಟೇಪ್ ಮಾತ್ರ ಎರಡು ಸುರುಳಿ ಇಟ್ಟುಕೋ. ಹರಿದ ಚಪ್ಪಲಿಗೇ ನನ್ನದರಲ್ಲಿ ಅರ್ಧ ಮುಗಿಯಿತು.

ನಿನ್ನ ಗೆಳೆಯ